ಯುನಿವರ್ಸಿಟಿ ಗ್ರೌಂಡಿಗೆ ಹೊರಟಿದ್ದೀರಾ? ಯಾವ ಗ್ರೌಂಡ್ ಎಂದು ಮೊದಲು ಕೇಳಿ

ಮುಂಬಯಿಯ ಕಾಲೇಜಿನ ವಾಟ್ಸಾಪ್ ಗ್ರೂಪಿಗೆ ರಾತ್ರಿ ಹತ್ತಕ್ಕೆ ಒಂದು ಸಾಲು ಬರುತ್ತದೆ: "ನಾಳೆ ಬೆಳಗ್ಗೆ ಏಳೂವರೆಗೆ ಯುನಿವರ್ಸಿಟಿ ಗ್ರೌಂಡಿನಲ್ಲಿ ಹಾಜರಿರಬೇಕು." ಮಗಳು ನೂರು ಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ದಾಳೆ. ಮನೆ ಡೊಂಬಿವಲಿಯಲ್ಲೋ ನಾಲಾಸೋಪಾರದಲ್ಲೋ. ಅಪ್ಪನಿಗೆ ಯುನಿವರ್ಸಿಟಿ ಎಂದರೆ ಕಲಿನಾ. ಕನ್ನಡ ವಿಭಾಗದ ಕಾರ್ಯಕ್ರಮಕ್ಕೆ ಹೋಗಿ ಬಂದ ದಾರಿ ಅದು. ಕ್ರೀಡಾಶಿಕ್ಷಕರ ಲೆಕ್ಕದಲ್ಲಿ ಯುನಿವರ್ಸಿಟಿ ಗ್ರೌಂಡ್ ಎಂದರೆ ಸಾಮಾನ್ಯವಾಗಿ ಮರೀನ್ ಲೈನ್ಸ್. ಎರಡರ ನಡುವೆ ರೈಲಿನಲ್ಲಿ ಹದಿನೆಂಟು ಕಿಲೋಮೀಟರಿನಷ್ಟು ಅಂತರ. ಬೆಳಗಿನ ಜನಜಂಗುಳಿಯಲ್ಲಿ ಆ ಅಂತರ ಒಂದು ಹೀಟನ್ನೇ, ಅಂದರೆ ಮೊದಲ ಸುತ್ತಿನ ಓಟವನ್ನೇ, ನುಂಗಿಬಿಡಬಹುದು.

ಮುಂಬಯಿಯ ಕನ್ನಡ ಮನೆಗಳ ಮಕ್ಕಳು ಈಗ ಕಾಲೇಜು ತಂಡಗಳಲ್ಲಿ ಧಾರಾಳವಾಗಿ ಇದ್ದಾರೆ. ಅವರ ಅಜ್ಜಂದಿರಲ್ಲಿ ಅನೇಕರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದವರು. ಮೈದಾನಕ್ಕೆ ಹೋಗಲು ಅವರಿಗೆ ಹೊತ್ತೇ ಇರಲಿಲ್ಲ. ಹಾಗಾಗಿ ಯಾವ ಸ್ಟೇಷನ್ನಿಗೆ ಇಳಿಯಬೇಕು, ಏನು ಕೊಂಡೊಯ್ಯಬೇಕು, ಎಲ್ಲಿ ಕುಳಿತುಕೊಳ್ಳಬೇಕು ಎಂದು ಹೇಳಿಕೊಡುವ ಹಿರಿಯರು ಎಷ್ಟೋ ಮನೆಗಳಲ್ಲಿ ಇಲ್ಲ. ಮಕ್ಕಳ ಜತೆ ಮೊದಲ ಸಲ ಹೊರಟಿರುವ ಅಪ್ಪ ಅಮ್ಮಂದಿರಿಗೆ, ಊರಿನಿಂದ ಪಂದ್ಯಕ್ಕೆ ಬರುವ ಹುಡುಗ ಹುಡುಗಿಯರಿಗೆ ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸ: ಸ್ಟೇಷನ್ ಹೆಸರು ಕೇಳಿ

ಮುಂಬಯಿ ವಿಶ್ವವಿದ್ಯಾಲಯ ಹುಟ್ಟಿದ್ದು 1857ರಲ್ಲಿ. ಅದು ಒಂದೇ ಕಾಂಪೌಂಡಿನೊಳಗೆ ಇಲ್ಲ. ಫೋರ್ಟಿನಲ್ಲಿ ರಾಜಾಬಾಯಿ ಗೋಪುರವಿರುವ ಹಳೆಯ ಆವರಣ, ಸಾಂತಾಕ್ರೂಜ್ ಪೂರ್ವದಲ್ಲಿ ವಿದ್ಯಾನಗರಿ ಎನ್ನುವ ಕಲಿನಾ ಆವರಣ, ಚರ್ಚ್‌ಗೇಟ್ ಮತ್ತು ಮರೀನ್ ಲೈನ್ಸ್ ನಡುವೆ ಸ್ಪೋರ್ಟ್ಸ್ ಪೆವಿಲಿಯನ್ ಇರುವ ಮೈದಾನ. ಇವಲ್ಲದೆ ಠಾಣೆ, ಕಲ್ಯಾಣ, ರತ್ನಾಗಿರಿಗಳಲ್ಲಿ ಉಪಕೇಂದ್ರಗಳು. ಅಂತರ ಕಾಲೇಜು ಪಂದ್ಯಗಳು ವಲಯವಾರು ನಡೆಯುವುದರಿಂದ ಎಷ್ಟೋ ಸಲ ವಿಶ್ವವಿದ್ಯಾಲಯದ ಹೆಸರಿನ ಪಂದ್ಯ ಯಾವುದೋ ಕಾಲೇಜಿನ ಅಂಗಳದಲ್ಲೇ ಇರುತ್ತದೆ.

ಆದ್ದರಿಂದ ಶಿಕ್ಷಕರಿಗೆ ಫೋನ್ ಮಾಡಿದಾಗ "ಗ್ರೌಂಡ್ ಯಾವುದು ಸರ್?" ಎಂದು ಕೇಳಬೇಡಿ. "ಯಾವ ಸ್ಟೇಷನ್ನಿಗೆ ಇಳಿಯಬೇಕು ಸರ್? ಈಸ್ಟಾ ವೆಸ್ಟಾ?" ಎಂದು ಕೇಳಿ. ಮುಂಬಯಿಯಲ್ಲಿ ತಪ್ಪಾಗದೆ ಬರುವ ಉತ್ತರ ಈ ಪ್ರಶ್ನೆಗೆ ಮಾತ್ರ. ಜತೆಗೆ ವರದಿ ಮಾಡಿಕೊಳ್ಳುವ ಸಮಯ, ಮಗುವಿನ ಸ್ಪರ್ಧೆಯ ಸಮಯ ಎರಡನ್ನೂ ಬೇರೆ ಬೇರೆಯಾಗಿ ಕೇಳಿ ಬರೆದಿಟ್ಟುಕೊಳ್ಳಿ.

ಮರೀನ್ ಲೈನ್ಸ್ ಮೈದಾನ

ಚರ್ಚ್‌ಗೇಟ್ ಕಡೆಗೆ ಹೋಗುವ ಲೋಕಲ್ಲಿನಲ್ಲಿ ಬಲಗಡೆಯ ಕಿಟಕಿ ಹಿಡಿದು ನಿಲ್ಲಿ. ಮರೀನ್ ಲೈನ್ಸ್ ದಾಟುತ್ತಿದ್ದಂತೆ ಹಳಿಗೂ ಸಮುದ್ರಕ್ಕೂ ನಡುವೆ ಮೈದಾನಗಳ ಸಾಲು ಕಾಣುತ್ತದೆ. ವಿಶ್ವವಿದ್ಯಾಲಯದ ಟ್ರ್ಯಾಕ್, ಹಾಕಿ ಸ್ಟೇಡಿಯಂ, ವಾಂಖೆಡೆ, ಎಲ್ಲ ಅಕ್ಕಪಕ್ಕದಲ್ಲೇ. ಸ್ವಲ್ಪ ದಕ್ಷಿಣಕ್ಕೆ 1937ರ ಬ್ರೆಬೋರ್ನ್ ಸ್ಟೇಡಿಯಂ. ಉತ್ತರಕ್ಕೆ ಮರೀನ್ ಡ್ರೈವಿನ ಉದ್ದಕ್ಕೂ ಹಿಂದೂ, ಪಾರ್ಸಿ, ಇಸ್ಲಾಂ ಜಿಮ್ಖಾನಾಗಳು. ಭಾರತದ ಕ್ರಿಕೆಟ್ಟಿನ ಬಹುಪಾಲು ಚರಿತ್ರೆ ಈ ಒಂದೆರಡು ಮೈಲಿಯೊಳಗೆ ಬರೆಯಲ್ಪಟ್ಟಿದೆ ಎಂದರೂ ಹೆಚ್ಚಲ್ಲ. ಸುನಿಲ್ ಗಾವಸ್ಕರ್ ಇಲ್ಲೇ ಹತ್ತಿರದ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಓದುತ್ತಾ ಬಾಂಬೆ ಯುನಿವರ್ಸಿಟಿ ತಂಡಕ್ಕೆ ಆಡಿದವರು. ಇಂಥ ಜಾಗದಲ್ಲಿ ನಿಮ್ಮ ಮಗಳು ಓಡುತ್ತಿದ್ದಾಳೆ ಎನ್ನುವುದನ್ನು ಅವಳಿಗೊಮ್ಮೆ ಹೇಳಿ.

ಮೈದಾನಕ್ಕೆ ಚರ್ಚ್‌ಗೇಟಿನಿಂದಲೂ ಮರೀನ್ ಲೈನ್ಸ್‌ನಿಂದಲೂ ನಡೆದೇ ಹೋಗಬಹುದು. ಪಶ್ಚಿಮದ ಕಡೆ, ಅಂದರೆ ಸಮುದ್ರದ ಕಡೆ ಹೊರಬನ್ನಿ. ಇಲ್ಲಿಯ ಅಡ್ಡರಸ್ತೆಗಳಿಗೆ ಎ ರೋಡ್, ಬಿ ರೋಡ್, ಡಿ ರೋಡ್ ಎಂದು ಅಕ್ಷರಗಳ ಹೆಸರು. ವಾಂಖೆಡೆ ಇರುವುದು ಡಿ ರೋಡಿನಲ್ಲಿ. ದಾರಿ ತಪ್ಪಿದರೆ "ವಾಂಖೆಡೆ ಹತ್ತಿರದ ಯುನಿವರ್ಸಿಟಿ ಪೆವಿಲಿಯನ್" ಎಂದು ಕೇಳಿ. ಬರಿಯ "ಯುನಿವರ್ಸಿಟಿ" ಎಂದರೆ ಓವಲ್ ಮೈದಾನದ ಆಚೆಗಿರುವ ರಾಜಾಬಾಯಿ ಗೋಪುರಕ್ಕೆ ಕೈ ತೋರಿಸುತ್ತಾರೆ. ಅದು ಕಚೇರಿ, ಗ್ರಂಥಾಲಯಗಳಿರುವ ಆವರಣ, ಓಟ ಅಲ್ಲಿಲ್ಲ.

ಮೊದಲ ಸಲ ಹೋಗುವವರು ಚರ್ಚ್‌ಗೇಟಿಗೇ ಹೋಗಿ ಇಳಿಯುವುದು ಒಳ್ಳೆಯದು. ಕೊನೆಯ ಸ್ಟೇಷನ್ ಆದ್ದರಿಂದ ಗಡಿಬಿಡಿಯಿಲ್ಲದೆ ಇಳಿಯಬಹುದು. ಮರೀನ್ ಲೈನ್ಸ್‌ನಲ್ಲಿ ಎಲ್ಲ ಫಾಸ್ಟ್ ಗಾಡಿಗಳೂ ನಿಲ್ಲುತ್ತವೆ ಎಂದುಕೊಳ್ಳದೆ ಇಂಡಿಕೇಟರ್ ನೋಡಿ ಹತ್ತಿ.

ಒಂದು ಮುಖ್ಯ ಮಾತು. ವಾಂಖೆಡೆಯಲ್ಲಿ ಕ್ರಿಕೆಟ್ ಪಂದ್ಯವಿದ್ದ ದಿನ ಈ ಇಡೀ ಪ್ರದೇಶದ ಚಹರೆಯೇ ಬದಲಾಗುತ್ತದೆ. ಸುತ್ತಲಿನ ರಸ್ತೆಗಳಲ್ಲಿ ವಾಹನ ನಿಲ್ಲಿಸಲು ಬಿಡುವುದಿಲ್ಲ, ಪೊಲೀಸ್ ಅಡ್ಡಗಟ್ಟೆಗಳು ಬೀಳುತ್ತವೆ, ಮಧ್ಯಾಹ್ನದಿಂದಲೇ ಚರ್ಚ್‌ಗೇಟ್ ಕಿಕ್ಕಿರಿಯುತ್ತದೆ. ಸ್ಪರ್ಧೆಯ ದಿನಕ್ಕೆ ಪಂದ್ಯವೇನಾದರೂ ಬಿದ್ದಿದೆಯೇ ಎಂದು ಹಿಂದಿನ ದಿನವೇ ನೋಡಿಕೊಳ್ಳಿ. ಕಾರು ತರುವ ಯೋಚನೆಯನ್ನಂತೂ ಬಿಟ್ಟೇಬಿಡಿ. ರಿಕ್ಷಾ ಈ ಭಾಗಕ್ಕೆ ಬರುವಂತಿಲ್ಲ; ಬಾಂದ್ರಾ, ಸಯನ್ ದಾಟಿ ದಕ್ಷಿಣಕ್ಕೆ ಬಂದರೆ ಇರುವುದು ಟ್ಯಾಕ್ಸಿ ಮಾತ್ರ.

ಯಾವ ಕಡೆಯವರು ಹೇಗೆ ಬರಬೇಕು

ವಿರಾರ್, ವಸಯಿ, ಭಾಯಂದರ್, ಮೀರಾ ರೋಡ್, ಬೊರಿವಲಿಯವರಿಗೆ ಪಶ್ಚಿಮ ರೈಲ್ವೆಯ ಲೋಕಲ್ ನೇರ. ಬೆಳಗ್ಗೆ ಏಳೂವರೆಗೆ ಮೈದಾನದಲ್ಲಿರಬೇಕಾದರೆ ಐದೂವರೆಯ ಆಸುಪಾಸಿನ ಗಾಡಿ ಹಿಡಿಯಿರಿ. ಆ ಹೊತ್ತಿಗೆ ಕುಳಿತೇ ಬರಬಹುದು. ಓಡಬೇಕಾದ ಹುಡುಗಿ ಒಂದೂವರೆ ತಾಸು ಬಾಗಿಲಲ್ಲಿ ನಿಂತು ಬಂದರೆ ಕಾಲಿನ ಕಸುವು ಅಲ್ಲೇ ಅರ್ಧ ಇಳಿದಿರುತ್ತದೆ.

ಕಲ್ಯಾಣ, ಡೊಂಬಿವಲಿ, ಠಾಣೆ, ಮುಲುಂಡಿನವರಿಗೆ ಎರಡು ದಾರಿ. ದಾದರಿನಲ್ಲಿ ಇಳಿದು ಸೇತುವೆ ದಾಟಿ ಪಶ್ಚಿಮ ರೈಲ್ವೆಗೆ ಬದಲಾಯಿಸುವುದು ಒಂದು. 2023ರ ಡಿಸೆಂಬರಿನಲ್ಲಿ ದಾದರಿನ ಪ್ಲಾಟ್‌ಫಾರ್ಮ್ ಸಂಖ್ಯೆಗಳು ಬದಲಾಗಿವೆ: 1ರಿಂದ 7 ಪಶ್ಚಿಮ ರೈಲ್ವೆಯವು, 8ರಿಂದ 14 ಮಧ್ಯ ರೈಲ್ವೆಯವು. ಹಳೆಯ ಲೆಕ್ಕ ತಲೆಯಲ್ಲಿಟ್ಟುಕೊಂಡ ಹಿರಿಯರು ಇದನ್ನು ಗಮನಿಸಬೇಕು. ಇನ್ನೊಂದು ದಾರಿ, ಸಿಎಸ್‌ಎಂಟಿ (ಬೋರಿಬಂದರಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ತನಕ ಕುಳಿತೇ ಹೋಗಿ ಅಲ್ಲಿಂದ ಭೂಗತ ಮೆಟ್ರೊ ಹಿಡಿಯುವುದು. ಹುತಾತ್ಮಾ ಚೌಕ ಆದ ಮೇಲೆ ಚರ್ಚ್‌ಗೇಟ್, ಎರಡನೆಯ ನಿಲ್ದಾಣ. ಚೀಲ ಹಗುರವಿದ್ದರೆ ಆಜಾದ್ ಮೈದಾನದ ಬದಿಯಿಂದ ನಡೆದೇ ಹೋಗಬಹುದು. ವಾಶಿ, ನೆರುಲ್, ಪನ್ವೇಲ್, ಚೆಂಬೂರಿನ ಹಾರ್ಬರ್ ಲೈನಿನವರಿಗೂ ಈ ಸಿಎಸ್‌ಎಂಟಿ ದಾರಿಯೇ ಸಲೀಸು.

ಆ ಭೂಗತ ಮೆಟ್ರೊ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಎರಡೂ ಆವರಣಗಳನ್ನು ಜೋಡಿಸುವ ದಾರಿ ಅದು. ಮೂರನೆಯ ಲೈನ್, ಅಕ್ವಾ ಲೈನ್ ಎನ್ನುತ್ತಾರೆ. ಆರೆಯಿಂದ ಕಫ್ ಪರೇಡ್ ತನಕ 33.5 ಕಿ.ಮೀ., 27 ನಿಲ್ದಾಣ. 2024ರ ಅಕ್ಟೋಬರಿನಲ್ಲಿ ಆರೆಯಿಂದ ಬಿಕೆಸಿ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್) ತನಕ ಶುರುವಾಗಿ, 2025ರ ಅಕ್ಟೋಬರಿನಲ್ಲಿ ಕಫ್ ಪರೇಡ್ ತನಕ ಪೂರ್ತಿಯಾಯಿತು. ಕಲಿನಾಕ್ಕೆ ಹತ್ತಿರದ ನಿಲ್ದಾಣ ಬಾಂದ್ರಾ ಕಾಲೊನಿ. ಯೋಜನೆಯ ಕಾಲದಲ್ಲಿ ಇದಕ್ಕೆ ವಿದ್ಯಾನಗರಿ ಎಂಬ ಹೆಸರಿತ್ತು, ಹಳೆಯ ನಕ್ಷೆಗಳಲ್ಲಿ ಈಗಲೂ ಹಾಗೇ ಇದೆ. ಅಲ್ಲಿ ಹತ್ತಿದರೆ ಗಾಡಿ ಬದಲಾಯಿಸದೆ ಚರ್ಚ್‌ಗೇಟಿನಲ್ಲಿ ಇಳಿಯಬಹುದು. ಯಾರಾದರೂ ಕಲಿನಾಕ್ಕೆ ಬಂದು "ಅಯ್ಯೋ, ಗ್ರೌಂಡ್ ಅಲ್ಲಿದೆಯಂತೆ" ಎಂದು ಪೇಚಾಡುತ್ತಿದ್ದರೆ ಅವರಿಗೆ ಹೇಳಬೇಕಾದ ದಾರಿ ಇದೇ. ಮುಕ್ಕಾಲು ಗಂಟೆ ಹಿಡಿದುಕೊಳ್ಳಿ.

ನೆಲದಡಿಯಲ್ಲಿ ಮೊಬೈಲ್ ಸಿಗ್ನಲ್ಲನ್ನು ನಂಬಿಕೊಳ್ಳಬೇಡಿ. ಟಿಕೆಟ್ಟಿನ ಕ್ಯೂಆರ್ ಕೋಡನ್ನು ಮೆಟ್ಟಿಲಿಳಿಯುವ ಮೊದಲೇ ತೆರೆದಿಟ್ಟುಕೊಳ್ಳಿ, ಶಿಕ್ಷಕರಿಗೆ ಮಾಡುವ ಫೋನನ್ನೂ ಮೇಲೆಯೇ ಮುಗಿಸಿ. ಭಾನುವಾರ ಮೊದಲ ಮೆಟ್ರೊ ತಡವಾಗಿ ಹೊರಡುವುದುಂಟು. ಬೆಳಗಿನ ಸ್ಪರ್ಧೆಗೆ ಲೋಕಲ್ಲೇ ಆಧಾರ.

ಆದರೆ ಭಾನುವಾರದ ಲೋಕಲ್ಲಿಗೂ ಒಂದು ಕಂಟಕವಿದೆ: ಬ್ಲಾಕ್. ಹಳಿ ದುರಸ್ತಿಗೆ ಮಧ್ಯ ರೈಲ್ವೆಯವರು ಮೆಗಾ ಬ್ಲಾಕ್, ಪಶ್ಚಿಮದವರು ಜಂಬೋ ಬ್ಲಾಕ್ ಹಾಕುತ್ತಾರೆ. ಸಾಮಾನ್ಯವಾಗಿ ಇದು ಬೆಳಗ್ಗೆ ಹತ್ತು ಹನ್ನೊಂದರಿಂದ ಸಂಜೆ ತನಕ. ಹೋಗುವಾಗ ತೊಂದರೆಯಾಗದೆ, ಹಿಂದಿರುಗುವಾಗ ಸಿಕ್ಕಿಬೀಳುತ್ತೀರಿ. ಶನಿವಾರದ ಪತ್ರಿಕೆಯಲ್ಲಿ ಯಾವ ಲೈನಿಗೆ ಎಷ್ಟು ಗಂಟೆಯಿಂದ ಎಂದು ಬರುತ್ತದೆ, ನೋಡದೆ ಹೊರಡಬೇಡಿ.

ಊರಿನಿಂದ ಬರುವವರಿಗೆ: ಮಂಗಳೂರಿನ ಮತ್ಸ್ಯಗಂಧಾ ಬಂದು ನಿಲ್ಲುವುದು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ. ಅಲ್ಲಿಂದ ಕಲಿನಾಕ್ಕೆ ರಿಕ್ಷಾ ಸಿಗುತ್ತದೆ. ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಸಿಎಸ್‌ಎಂಟಿಗೇ ಬರುತ್ತದೆ, ಅಲ್ಲಿಂದ ಮರೀನ್ ಲೈನ್ಸ್ ಹತ್ತಿರ.

ಕಲಿನಾ

ಇನ್ನೂರು ಎಕರೆಗೂ ಮಿಕ್ಕಿದ ಹಸಿರು ಆವರಣ. ಮೈದಾನವೂ ಇದೆ, ಆದರೆ ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರಿಗೆ ಪರೀಕ್ಷಾ ವಿಭಾಗ, ಗ್ರಂಥಾಲಯ, ದೂರಶಿಕ್ಷಣದ ಕಚೇರಿಗಳ ಕೆಲಸ. ಕನ್ನಡ ವಿಭಾಗ ಇರುವುದು ರಾನಡೆ ಭವನದಲ್ಲಿ. ಮಗನ ಪಂದ್ಯಕ್ಕೆಂದು ಬಂದವರು ಬಿಡುವಿದ್ದರೆ ಅಲ್ಲಿಗೊಮ್ಮೆ ಹೋಗಿ ಬನ್ನಿ. ಮುಂಬಯಿಯ ಹೃದಯದಲ್ಲಿ ಕನ್ನಡದಲ್ಲಿ ಎಂ.ಎ., ಪಿಎಚ್.ಡಿ. ಮಾಡಬಹುದು ಎನ್ನುವುದು ನಮ್ಮ ಮಕ್ಕಳಲ್ಲೇ ಎಷ್ಟೋ ಜನಕ್ಕೆ ತಿಳಿದಿಲ್ಲ, ಅದು ನನಗೆ ನಿಜಕ್ಕೂ ಸಂಕಟದ ಸಂಗತಿ.

ಸಾಂತಾಕ್ರೂಜ್ ಸ್ಟೇಷನ್ನಿನಲ್ಲಿ ಪೂರ್ವಕ್ಕೆ ಇಳಿಯಿರಿ. ಬಿಲ್ಲವ ಭವನಕ್ಕೆ ಹೋಗಿ ಅಭ್ಯಾಸವಿರುವವರಿಗೆ ಈ ಬದಿ ಹೊಸದಲ್ಲ. ಅಲ್ಲಿಂದ ಕುರ್ಲಾ ಕಡೆಗೆ ಹೋಗುವ 313ರಂಥ ಬೆಸ್ಟ್ (ನಗರ ಸಾರಿಗೆ) ಬಸ್ಸುಗಳು ವಿದ್ಯಾನಗರಿಯ ಮೇಲಿಂದಲೇ ಹೋಗುತ್ತವೆ. ಈಚೆಗೆ ಬಸ್ ಮಾರ್ಗಗಳು ಆಗಾಗ ಬದಲಾಗುವುದರಿಂದ ಹತ್ತುವಾಗ "ವಿದ್ಯಾನಗರಿ ಜಾಣಾರ್ ಕಾ?" ಎಂದು ಮರಾಠಿಯಲ್ಲಿ ಕಂಡಕ್ಟರನ್ನು ಕೇಳಿಬಿಡಿ. 2025ರ ಮೇ ತಿಂಗಳಿನಿಂದ ಬಸ್ಸಿನ ಕನಿಷ್ಠ ಟಿಕೆಟ್ ಸಾದಾ ಬಸ್ಸಿಗೆ 10 ರೂಪಾಯಿ, ಎಸಿಗೆ 12. ರಿಕ್ಷಾಕ್ಕೆ ಕನಿಷ್ಠ 26 ರೂಪಾಯಿ.

ಡೊಂಬಿವಲಿ, ಠಾಣೆಯವರು ಕುರ್ಲಾದಲ್ಲಿ ಪಶ್ಚಿಮಕ್ಕೆ ಇಳಿದು ಬಸ್ಸೋ ರಿಕ್ಷಾವೋ ಹಿಡಿಯುವುದು ಹತ್ತಿರ. ಕುರ್ಲಾ ಎಂದೊಡನೆ ನಮ್ಮವರ ಕಾಲು ಬಂಟರ ಭವನದ ಪೂರ್ವಕ್ಕೆ ತಾನಾಗಿ ತಿರುಗುತ್ತದೆ. ಈ ಸಲ ಪಶ್ಚಿಮ. ಘಾಟ್‌ಕೋಪರಿನಿಂದ ಬರುವವರು ಒಂದನೆಯ ಲೈನಿನ ಮೆಟ್ರೊದಲ್ಲಿ ಮರೋಳ್ ನಾಕಾ ತನಕ ಬಂದು ಅಲ್ಲಿ ಅಕ್ವಾ ಲೈನಿಗೆ ಬದಲಾಯಿಸಬಹುದು. ವಡಾಲದಲ್ಲಿರುವವರಿಗೆ ಹಾರ್ಬರಿನ ಗೋರೆಗಾಂವ್ ಗಾಡಿ ಸಾಂತಾಕ್ರೂಜಿಗೆ ನೇರವಾಗಿ ಬರುತ್ತದೆ.

ಕ್ಯಾಂಪಸ್ಸಿನ ಬದಿಯ ರಸ್ತೆಯ ಹೆಸರು ಸಿಎಸ್‌ಟಿ ರೋಡ್. ಆ್ಯಪ್‌ನಲ್ಲಿ ಟ್ಯಾಕ್ಸಿ ಕರೆಯುವಾಗ ಬರಿಯ "ಸಿಎಸ್‌ಟಿ" ಎಂದು ಹಾಕಿದರೆ ಬೋರಿಬಂದರಿನ ರೈಲು ನಿಲ್ದಾಣ ತೋರಿಸಿಬಿಡುತ್ತದೆ. "ಮುಂಬಯಿ ಯುನಿವರ್ಸಿಟಿ, ಕಲಿನಾ" ಎಂದು ಪೂರ್ತಿ ಬರೆಯಿರಿ. ಗೇಟುಗಳು ಒಂದಕ್ಕಿಂತ ಹೆಚ್ಚಿವೆ, ಒಳಗೆ ನಡೆಯುವುದೂ ಸಾಕಷ್ಟಿದೆ, ಕಾವಲಿನವರು ಗುರುತಿನ ಚೀಟಿ ಕೇಳುತ್ತಾರೆ. ಹತ್ತು ನಿಮಿಷ ಮೊದಲೇ ಗೇಟಿನಲ್ಲಿರಿ.

ಚೀಲದಲ್ಲಿ ಏನಿರಬೇಕು

ಕಾಲೇಜಿನ ಗುರುತಿನ ಚೀಟಿ, ಫೀ ರಸೀದಿ, ಆಧಾರ್ ಮತ್ತು ಅಂಕಪಟ್ಟಿಯ ಪ್ರತಿಗಳು ಒಂದು ಪ್ಲಾಸ್ಟಿಕ್ ಫೈಲಿನಲ್ಲಿ. ಪ್ರಾಂಶುಪಾಲರ ಸಹಿ, ಸೀಲು ಇರುವ ಅರ್ಹತಾ ಪತ್ರ ಸಾಮಾನ್ಯವಾಗಿ ಶಿಕ್ಷಕರ ಕೈಯಲ್ಲೇ ಇರುತ್ತದೆ, ಆದರೂ ಇದೆಯೇ ಎಂದು ಹಿಂದಿನ ದಿನ ಕೇಳಿ.

ಸೇಫ್ಟಿ ಪಿನ್ ಎಂಟು. ಚೆಸ್ಟ್ ನಂಬರಿನ ಕಾಗದಕ್ಕೆ ನಾಲ್ಕು ಮೂಲೆಗೂ ಪಿನ್ ಬೇಕು. ಎರಡೇ ಹಾಕಿದರೆ ಓಡುವಾಗ ಕಾಗದ ಗಾಳಿಗೆ ಮಡಚಿ ಸಂಖ್ಯೆ ಮುಚ್ಚಿಹೋಗುತ್ತದೆ, ಗುರಿಯ ಗೆರೆಯಲ್ಲಿ ಕುಳಿತವರಿಗೆ ಕಾಣುವುದಿಲ್ಲ. ಪಿನ್ನನ್ನು ಟೀ ಶರ್ಟಿನ ಬಟ್ಟೆ ಸುಕ್ಕಾಗದಂತೆ ಮಗಳು ನೇರ ನಿಂತಿರುವಾಗಲೇ ಚುಚ್ಚಿ. ಉಳಿದ ನಾಲ್ಕು ಪಿನ್ ಪಕ್ಕದ ಮಗುವಿಗೆ ಬೇಕಾಗುತ್ತದೆ, ಇದು ಪ್ರತಿ ಸಲವೂ ಆಗುವಂಥದ್ದು.

ಸ್ಪೈಕ್ ಶೂ ಇದ್ದರೆ ಮೊಳೆಯ ಉದ್ದ ನೋಡಿ. ಸಿಂಥೆಟಿಕ್ ಟ್ರ್ಯಾಕಿನಲ್ಲಿ ಓಟಕ್ಕೆ 9 ಮಿಲಿಮೀಟರಿಗಿಂತ ಉದ್ದ ಇರಬಾರದು. ಎತ್ತರ ಜಿಗಿತ, ಜಾವೆಲಿನ್‌ಗೆ 12ರ ತನಕ ಬಿಡುತ್ತಾರೆ. ಮಣ್ಣಿನ ಮೈದಾನದಲ್ಲಿ ಅಭ್ಯಾಸ ಮಾಡಿದ ಮಕ್ಕಳ ಶೂನಲ್ಲಿ ಉದ್ದ ಮೊಳೆ ಇರುತ್ತದೆ, ಓಟಕ್ಕೆ ಮೊದಲು ಹೆಸರು ಕರೆದು ಪರಿಶೀಲಿಸುವ ಕಾಲ್ ರೂಮಿನಲ್ಲಿ ತಡೆದರೆ ಆ ಗಳಿಗೆಯಲ್ಲಿ ಏನೂ ಮಾಡಲಾಗುವುದಿಲ್ಲ. ಚಿಕ್ಕ ಮೊಳೆಗಳ ಸೆಟ್ಟೂ ತಿರುಗಿಸುವ ಕೀಲಿಯೂ ಚೀಲದಲ್ಲಿರಲಿ. ಸ್ಪೈಕ್ ಹಾಕಿಕೊಂಡು ಸಿಮೆಂಟಿನ ಮೆಟ್ಟಿಲ ಮೇಲೆ ನಡೆಯಬೇಡ ಎಂದು ಹೇಳಿ.

ಟೋಪಿ, ಎರಡು ಬಾಟಲಿ ನೀರು, ಒಂದು ಒಣ ಟವೆಲ್, ಬದಲಾಯಿಸಲು ಕಾಲುಚೀಲ. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಾಯಿಸುವ ಜಾಗ ಎಲ್ಲಿ ಎಂದು ಬಂದ ಕೂಡಲೇ ಅಮ್ಮಂದಿರೇ ಹೋಗಿ ನೋಡಿಬರುವುದು ಒಳ್ಳೆಯದು. ಮಕ್ಕಳು ಸಂಕೋಚದಿಂದ ಕೇಳುವುದಿಲ್ಲ.

ತಿಂಡಿ, ಊಟ

ಬೆಳಗ್ಗೆ ಮನೆಯಿಂದಲೇ ಇಡ್ಲಿ ಕಟ್ಟಿಕೊಂಡು ಬನ್ನಿ, ಚಟ್ನಿ ಬೇಡ, ಸ್ವಲ್ಪ ಬೆಲ್ಲ ತುಪ್ಪ ಸಾಕು. ಓಟಕ್ಕೆ ಎರಡು ತಾಸು ಮೊದಲು ತಿಂದು ಮುಗಿಸಿರಬೇಕು. ನಡುವೆ ಬಾಳೆಹಣ್ಣು. ಸ್ಟೇಷನ್ನಿನ ಹೊರಗಿನ ವಡಾಪಾವ್ ಎಷ್ಟೇ ಕರೆದರೂ ಸ್ಪರ್ಧೆ ಮುಗಿಯುವ ತನಕ ತಡೆಯಿರಿ.

ಮುಗಿದ ಮೇಲೆ ಈ ಪ್ರದೇಶದಲ್ಲಿ ತಿನ್ನುವುದಕ್ಕೆ ಬರವಿಲ್ಲ. ಬ್ರೆಬೋರ್ನ್ ಸ್ಟೇಡಿಯಂ ಬದಿಯ ಕೆ. ರುಸ್ತಂ ಅಂಗಡಿಯಲ್ಲಿ ಎರಡು ಬಿಸ್ಕತ್ತಿನ ನಡುವೆ ಐಸ್‌ಕ್ರೀಂ ತುಂಡು ಇಟ್ಟು ಕೊಡುತ್ತಾರೆ; ಪದಕ ಬಂದರೂ ಬಾರದಿದ್ದರೂ ಮಕ್ಕಳಿಗೆ ಕೊಡಿಸಬೇಕಾದದ್ದು. ಮೀನೂಟ ಬೇಕೆನ್ನುವ ಕರಾವಳಿಯವರಿಗೆ ಫೋರ್ಟಿನಲ್ಲಿ ಮಹೇಶ್ ಲಂಚ್ ಹೋಂ. ಹಿಂದಿರುಗುವಾಗ ದಾರಿಯಲ್ಲಿ ಬಾಳೆಲೆ ಊಟ ಮಾಡುವ ಮನಸ್ಸಿದ್ದರೆ ಮಾಟುಂಗಾ ಪೂರ್ವದಲ್ಲಿ, ಸ್ಟೇಷನ್ನಿನ ಎದುರೇ, ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. 1942ರಿಂದ ನಡೆದು ಬಂದ ಊಟದ ಮನೆ. ಮಧ್ಯ ರೈಲ್ವೆಯವರಿಗೆ ಇದು ದಾರಿಯಲ್ಲೇ ಸಿಗುತ್ತದೆ.

ಮೈದಾನದೊಳಗೆ

ಪೋಷಕರು ಟ್ರ್ಯಾಕಿಗೆ ಇಳಿಯಬಾರದು. ಪೆವಿಲಿಯನ್ ಮೆಟ್ಟಿಲಿನ ಮೇಲೆ ಕುಳಿತು, ಮಗುವಿನ ಸ್ಪರ್ಧೆ ಕರೆದಾಗ ಗುರಿಗೆರೆಯ ಕಡೆ ಸರಿಯಿರಿ. 200 ಮೀಟರ್ ಓಟ ಎದುರು ಬದಿಯ ತಿರುವಿನಿಂದ ಶುರುವಾಗುತ್ತದೆ, ಹೊರಗಿನ ಲೇನಿನವರು ಮುಂದೆ ನಿಂತಂತೆ ಕಾಣುತ್ತಾರೆ. ಅದು ಅನ್ಯಾಯವಲ್ಲ, ತಿರುವಿನ ಅಂತರ ಸರಿದೂಗಿಸುವ ಲೆಕ್ಕ. ಮಧ್ಯಾಹ್ನಕ್ಕೆ ಸಿಂಥೆಟಿಕ್ ಟ್ರ್ಯಾಕ್ ಸುಡುತ್ತದೆ; ಬರಿಗಾಲಲ್ಲಿ ನಿಲ್ಲಲು ಬಿಡಬೇಡಿ. ಸಾಮಾನ್ಯವಾಗಿ ಮಧ್ಯಾಹ್ನದ ಹೊತ್ತಿಗೆ ಪಶ್ಚಿಮದಿಂದ ಸಮುದ್ರದ ಗಾಳಿ ಏಳುತ್ತದೆ, ಆಗ ಸ್ವಲ್ಪ ಹಾಯೆನಿಸುತ್ತದೆ.

ಗಾಯವಾದರೆ ಮೊದಲು ಆಯೋಜಕರ ಪ್ರಥಮ ಚಿಕಿತ್ಸೆಯ ಮೇಜಿಗೆ ಹೋಗಿ. ಹೆಚ್ಚಿನದಕ್ಕೆ ಮರೀನ್ ಲೈನ್ಸ್ ಬದಿಯಲ್ಲಿ ಬಾಂಬೆ ಹಾಸ್ಪಿಟಲ್, ಸಿಎಸ್‌ಎಂಟಿ ಕಡೆ ಸರಕಾರಿ ಜಿ.ಟಿ. ಆಸ್ಪತ್ರೆ ಇದೆ. ಕಲಿನಾದಲ್ಲಾದರೆ ಸಾಂತಾಕ್ರೂಜ್ ಪೂರ್ವದ ಪಾಲಿಕೆಯ ವಿ.ಎನ್. ದೇಸಾಯಿ ಆಸ್ಪತ್ರೆ ಹತ್ತಿರ.

ಸೋತು ಬಂದ ಮಗುವಿಗೆ ಮೆಟ್ಟಿಲ ಮೇಲೆ ಕುಳಿತು ತಪ್ಪು ಹೇಳಿಕೊಡಬೇಡಿ. ನೀರು ಕೊಡಿ, ಉಸಿರು ಇಳಿಯಲಿ. ಹೇಳುವುದನ್ನು ಶಿಕ್ಷಕರು ಹೇಳುತ್ತಾರೆ.

ಹಿಂದಿರುಗುವ ಮುನ್ನ

ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಹೆಸರಿನ ಸ್ಪೆಲ್ಲಿಂಗ್ ಓದಿ. ನಮ್ಮ ಹೆಸರುಗಳು ಇಲ್ಲಿ ಹತ್ತು ಬಗೆಯಾಗಿ ಬರೆಯಲ್ಪಡುತ್ತವೆ: ಪೂಜಾರಿಯವರ ಹೆಸರು ಒಂದು ಕಡೆ ಎರಡು "ಓ" ಹಾಕಿ, ಇನ್ನೊಂದು ಕಡೆ "ಯು" ಹಾಕಿ, ಶೆಟ್ಟಿಯವರದು ಕೊನೆಗೆ "ವೈ" ಒಮ್ಮೆ, "ಐ" ಒಮ್ಮೆ. ಅಪ್ಪನ ಹೆಸರು ನಡುವೆ ಬರುವ ಇಲ್ಲಿಯ ಪದ್ಧತಿಯಿಂದ ಇನ್ನೊಂದಿಷ್ಟು ಗೊಂದಲ. ಅಂಕಪಟ್ಟಿಯಲ್ಲಿರುವಂತೆಯೇ ಇದೆಯೇ ನೋಡಿ, ತಪ್ಪಿದ್ದರೆ ಮೇಜಿನ ಬಳಿ ಆಗಲೇ ತಿದ್ದಿಸಿಕೊಳ್ಳಿ. ಮುಂದೆ ರೈಲ್ವೆಯ ಸ್ಪೋರ್ಟ್ಸ್ ಕೋಟಾಕ್ಕೋ ಇನ್ನಾವುದಕ್ಕೋ ಅರ್ಜಿ ಹಾಕುವಾಗ ಆ ಒಂದು ಅಕ್ಷರಕ್ಕಾಗಿ ಅಲೆಯಬೇಕಾಗುತ್ತದೆ.

ಸಂಜೆ ಐದೂವರೆಯಿಂದ ಎಂಟರ ತನಕ ಚರ್ಚ್‌ಗೇಟಿನಿಂದ ಹೊರಡುವ ಫಾಸ್ಟ್ ಗಾಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸ್ಪರ್ಧೆ ನಾಲ್ಕಕ್ಕೆ ಮುಗಿದರೆ ಕೂಡಲೇ ಹೊರಡಿ. ತಡವಾದರೆ ಮರೀನ್ ಲೈನ್ಸ್‌ನಲ್ಲಿ ಹತ್ತುವ ಬದಲು ಚರ್ಚ್‌ಗೇಟಿಗೆ ನಡೆದು ಬಂದು ಒಂದೆರಡು ಗಾಡಿ ಬಿಡಿ; ಗಾಡಿ ಅಲ್ಲಿಂದಲೇ ಹೊರಡುವುದರಿಂದ ಕುಳಿತುಕೊಳ್ಳುವ ಅವಕಾಶವಿದೆ. ಆ ಹೊತ್ತಿಗೆ ಸ್ಲೋ ಗಾಡಿ ಅರ್ಧ ತಾಸು ಹೆಚ್ಚು ತೆಗೆದುಕೊಂಡರೂ ಪರವಾಗಿಲ್ಲ, ದಣಿದ ಮಕ್ಕಳಿಗೆ ಅದೇ ಲೇಸು.